ಮಾಡಿನ ಕೆಳಗಣ ಹೊದಿಕೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದವರಿಲ್ಲ. ನಮ್ಮ ಮಲೆನಾಡಿಗರು ಅದಕ್ಕೆ "ಮಾಡು ರಿಪೇರಿ ಮಾಡಿಸಿ ನೋಡು" ಎಂಬ ಮೂರನೆಯ ಮಾತನ್ನೂ ಸೇರಿಸಬಹುದು. ನರಸಿಂಹರಾಜಪುರ, ಕೊಪ್ಪ, ಶೃಂಗೇರಿಗಳ ಕಡೆ ಮನೆಯ ಗೋಡೆ ಹೇಗಾದರೂ ಇರಲಿ, ಮಾಡು ಗಟ್ಟಿಯಿದ್ದರೆ ಅದು ಮನೆ. ಇಲ್ಲವಾದರೆ ಅದು ಬರಿಯ ಬಯಲು.

ಈ ಮಾಡಿನ ಇತಿಹಾಸದಲ್ಲಿ ಮೂರು ಕಾಲಗಳನ್ನು ಕಾಣಬಹುದು. ಮೊದಲನೆಯದು ಸೋಗೆಯ ಕಾಲ. ಅಡಕೆಯ ಸೋಗೆಯನ್ನು ಪದರಪದರವಾಗಿ ಹೊದೆಸಿ, ಮಳೆಗಾಲಕ್ಕೆ ಮುನ್ನ ಹೊಸದಾಗಿಸುತ್ತಿದ್ದರು. ಎರಡನೆಯದು ಹೆಂಚಿನ ಕಾಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಪ್ರಾರಂಭಿಸಿದ ಬಳಿಕ ಆ ಕೆಂಪು ಹೆಂಚು ಘಟ್ಟವನ್ನು ಹತ್ತಿ ನಮ್ಮ ಊರುಗಳಿಗೂ ಬಂದಿತು. ಮೂರನೆಯದು ತಗಡಿನ ಶೀಟಿನ ಕಾಲ, ನಾವಿರುವುದು ಇದರಲ್ಲಿ. ಈ ಬದಲಾವಣೆಗೆ ಮಂಗಗಳೂ ಒಂದು ಕಾರಣವೆಂದರೆ ಪೇಟೆಯ ಮಿತ್ರರು ನಕ್ಕಾರು. ಆದರೆ ಮಂಗಗಳ ಹಿಂಡೊಂದು ಮಾಡಿನ ಮೇಲೆ ಓಡಿಹೋದ ಮೇಲೆ ಮಳೆಯಲ್ಲಿ ಏಣಿ ಹಾಕಿ ಒಡೆದ ಹೆಂಚನ್ನು ಬದಲಿಸಿದವರಿಗೆ ನಗೆ ಬಾರದು.

ತಗಡು ಒಡೆಯದು, ಬೇಗ ಹೊದೆಸಬಹುದು, ಹಗುರವೂ ಹೌದು. ಆದರೆ ಅದು ಮೂರು ಹೊಸ ತೊಂದರೆಗಳನ್ನು ತಂದಿತು. ಮಾರ್ಚಿಯಲ್ಲಿ ಕೆಳಗಿನ ಕೋಣೆ ಕಾದ ಬಾಣಲೆಯಂತಾಗುತ್ತದೆ. ಜುಲೈಯಲ್ಲಿ ಎದುರು ಕುಳಿತವರ ಮಾತು ಮಳೆಯ ಸದ್ದಿಗೆ ಕೇಳಿಸದು. ಡಿಸೆಂಬರಿನ ಬೆಳಗಿನಲ್ಲಿ ಮಳೆಯಿಲ್ಲದೆಯೇ ಮಾಡು ತೊಟ್ಟಿಕ್ಕುತ್ತದೆ. ಆಗ ಮನೆಯವರು ತಗಡಿನ ಕೆಳಗೆ ಏನನ್ನಾದರೂ ಹಾಕಿಸಬೇಕೆಂದು ಹೊರಡುತ್ತಾರೆ. ಆ "ಏನನ್ನಾದರೂ" ಎಂಬುದನ್ನು ಹೇಗೆ ಆರಿಸಬೇಕು ಎಂಬುದೇ ಈ ಲೇಖನದ ವಿಷಯ.

ಶಾಖ ಸಾಗುವುದಕ್ಕೆ ವಹನ, ಸಂವಹನ, ವಿಕಿರಣ ಎಂಬ ಮೂರು ದಾರಿಗಳಿವೆಯೆಂದು ಶಾಲೆಯಲ್ಲಿಯೇ ಓದಿದ್ದೇವೆ. ಬಿಸಿಲಿನಲ್ಲಿ ಕಾದ ತಗಡು ತನ್ನ ಕೆಳಗಿನ ಗಾಳಿಯನ್ನು ಕಾಯಿಸುವುದಲ್ಲದೆ ಕಣ್ಣಿಗೆ ಕಾಣದ ಕಿರಣಗಳಾಗಿ ಶಾಖವನ್ನು ನೇರವಾಗಿ ನಮ್ಮ ನೆತ್ತಿಗೆ ಕಳುಹುತ್ತದೆ. ಇದನ್ನು ತಡೆಯುವ ಅತ್ಯುತ್ತಮ ಪದಾರ್ಥವು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಅದು ಅಲುಗಾಡದೆ ನಿಂತ ಗಾಳಿ. ಥರ್ಮಾಕೋಲು, ಗಾಜಿನ ಉಣ್ಣೆ, ತೆಂಗಿನ ನಾರು, ಬತ್ತದ ಹುಲ್ಲು, ಸೋಗೆ ಇವೆಲ್ಲವೂ ಗಾಳಿಯನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಸೆರೆಹಿಡಿಯುವ ಉಪಾಯಗಳು ಮಾತ್ರ.

ಉಷ್ಣವಾಹಕತೆಯ ಅಂಕಿಗಳನ್ನು ಹೋಲಿಸಿ ನೋಡೋಣ. ಮೀಟರಿಗೆ, ಡಿಗ್ರಿಗೆ ಇಷ್ಟು ವಾಟ್ ಎಂಬ ಲೆಕ್ಕದಲ್ಲಿ ನಿಂತ ಗಾಳಿಗೆ ಸುಮಾರು 0.025, ಪಾಲಿಯುರೆಥೇನ್ ನೊರೆಹಲಗೆಗೆ ಅದರ ಆಸುಪಾಸು, ಥರ್ಮಾಕೋಲಿಗೆ 0.036, ಗಾಜಿನ ಉಣ್ಣೆಗೆ 0.04, ಮರಕ್ಕೆ 0.14, ಸುಟ್ಟ ಮಣ್ಣಿಗೆ 0.7, ಉಕ್ಕಿಗೆ 50. ಅಂದರೆ ಒಂದಂಗುಲ ದಪ್ಪದ ಥರ್ಮಾಕೋಲು ಸುಮಾರು ನಾಲ್ಕಂಗುಲದ ಮರದ ಹಲಗೆಗೆ ಸಮಾನ. ಅರ್ಧ ಮೀಟರಿನಷ್ಟು ದಪ್ಪದ ಇಟ್ಟಿಗೆಗೆ ಸಮಾನ. ತಗಡಿನ ಲೆಕ್ಕವನ್ನು ಹಿಡಿಯುವುದೇ ಬೇಡ.

ಹಾಗಾದರೆ ಪಟ್ಟಿಯ ಮೇಲ್ತುದಿಯಲ್ಲಿರುವುದನ್ನು ತಂದು ಅಂಟಿಸಿದರೆ ಕೆಲಸ ಮುಗಿಯಿತಲ್ಲವೇ? ಮಲೆನಾಡಿನಲ್ಲಿ ಮುಗಿಯುವುದಿಲ್ಲ. ಏಕೆಂದರೆ ಆ ಪಟ್ಟಿಗೆ ಇನ್ನೊಂದು ಅಂಕಿಯನ್ನು ಸೇರಿಸಬೇಕು: ನೀರಿನ ಉಷ್ಣವಾಹಕತೆ 0.6. ಇದು ನಿಂತ ಗಾಳಿಯ ಇಪ್ಪತ್ತನಾಲ್ಕರಷ್ಟು. ಗಾಳಿಯ ಗೂಡುಗಳಲ್ಲಿ ನೀರು ತುಂಬಿದರೆ ಉಣ್ಣೆ ಉಣ್ಣೆಯಾಗಿ ಉಳಿಯದು, ಒದ್ದೆಬಟ್ಟೆಯಾಗುತ್ತದೆ.

ಈ ಪಾಠವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ಮನೆಯಲ್ಲಿ ಹೆಂಚನ್ನಿಳಿಸಿ ಶೀಟು ಹಾಕಿದ ವರ್ಷ, ಉಪ್ಪರಿಗೆಯ ಸೆಕೆ ತಾಳಲಾರದೆ ಅಜ್ಜಿ ಜಗಲಿಗೆ ಹಾಸಿಗೆಯನ್ನು ಇಳಿಸಿಕೊಂಡರು. ಅವರಿಗಾಗಿಯೇ ನಾವು ಮರದ ಮುಚ್ಚಿಗೆಯ ಮೇಲೆ ಗಾಜಿನ ಉಣ್ಣೆಯನ್ನು ಹಾಸಿದೆವು. ಆ ಬೇಸಗೆಯಲ್ಲಿ ಕೋಣೆ ತಂಪಾಯಿತು. ಅಜ್ಜಿ ಮತ್ತೆ ಮೇಲೆ ಹೋದರು. ಮಳೆಗಾಲದಲ್ಲಿ ಶೀಟಿನ ಒಂದೆರಡು ತಿರುಪುಗಳ ಬಳಿ ನೀರು ಜಿನುಗಿತು. ಉಣ್ಣೆ ಅದನ್ನು ಕುಡಿದು ಸುಮ್ಮನಿತ್ತು. ಕೆಳಗೆ ಒಂದು ಹನಿಯೂ ಬೀಳಲಿಲ್ಲವಾಗಿ ನಮಗೆ ತಿಳಿಯಲಿಲ್ಲ. ಡಿಸೆಂಬರಿನಲ್ಲಿ ಮುಗ್ಗಲು ವಾಸನೆ ಬಂದು ಬಿಚ್ಚಿ ನೋಡಿದರೆ ಮುತ್ತಜ್ಜನ ಕಾಲದ ಎರಡು ಹಲಗೆಗಳು ಬೆರಳಿಟ್ಟರೆ ಪುಡಿಯಾಗುವಂತಿದ್ದವು. ತಪ್ಪು ಉಣ್ಣೆಯದಲ್ಲ, ಶೀಟಿನದೂ ಅಲ್ಲ. ನೀರು ಬಂದರೆ ಎಲ್ಲಿಗೆ ಹೋಗಬೇಕೆಂದು ಯೋಚಿಸದ ನಮ್ಮದು.

ಮಳೆ ಸೋರದಿದ್ದರೂ ನೀರು ಬರುವ ಇನ್ನೊಂದು ದಾರಿಯುಂಟು. 30 ಡಿಗ್ರಿಯ ಒಂದು ಘನಮೀಟರು ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 15 ಡಿಗ್ರಿಗೆ ಇಳಿದರೆ 13 ಗ್ರಾಂ ಮಾತ್ರ. ಮಿಕ್ಕದ್ದು ಹನಿಯಾಗಲೇಬೇಕು. ಚಳಿಗಾಲದ ಶುಭ್ರ ರಾತ್ರಿಯಲ್ಲಿ ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬಚ್ಚಲೊಲೆಯ ಹಬೆ, ಅಡಿಗೆಯ ಆವಿ, ಮಲಗಿದವರ ಉಸಿರು ಎಲ್ಲವೂ ಮೇಲೇರಿ ಅದನ್ನು ಮುಟ್ಟಿ ಇಬ್ಬನಿಯಾಗುತ್ತವೆ. ಭದ್ರಾ ಹಿನ್ನೀರಿನ ಅಂಚಿನಲ್ಲಿ ಬೆಳಗಿನ ಮಂಜನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಂಚಿನ ಮಾಡಿನಲ್ಲಿ ಇದು ಅಷ್ಟಾಗಿ ಕಾಣುತ್ತಿರಲಿಲ್ಲ. ಸುಟ್ಟ ಮಣ್ಣು ಸ್ವಲ್ಪ ತೇವವನ್ನು ಹೀರಿಕೊಂಡು ಹಗಲಿನಲ್ಲಿ ಬಿಟ್ಟುಕೊಡುತ್ತಿತ್ತು. ಹೆಂಚುಹೆಂಚುಗಳ ಸಂದಿಯಲ್ಲಿ ಗಾಳಿಯೂ ಆಡುತ್ತಿತ್ತು. ಸೋಗೆಯ ಮನೆಯಲ್ಲಂತೂ ಒಲೆಯ ಹೊಗೆಯೇ ಮಾಡನ್ನು ಒಣಗಿಸುತ್ತಿತ್ತು. ಹಳೆಯ ಮಾಡು ಉಸಿರಾಡುತ್ತಿತ್ತು, ತಗಡು ಉಸಿರಾಡದು.

ಈ ತೊಂದರೆ ನಮ್ಮದು ಮಾತ್ರವಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಗಾಲಿಯ ಮೇಲಣ ಮನೆಗಳುಂಟು. ವ್ಯಾನಿನೊಳಗೇ ಹಾಸಿಗೆ, ಒಲೆ, ಕಪಾಟುಗಳನ್ನು ಜೋಡಿಸಿಕೊಂಡು ಊರೂರು ತಿರುಗುತ್ತಾರೆ. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯವರು 1951ರಿಂದ ಫೋಕ್ಸ್‌ವ್ಯಾಗನ್ ವ್ಯಾನುಗಳನ್ನು ಹೀಗೆ ಸಜ್ಜುಗೊಳಿಸತೊಡಗಿದರು. ಅಂತಹ ಹಳೆಯ ಗಾಡಿಗಳನ್ನು ಇಂದಿಗೂ ಪ್ರೀತಿಯಿಂದ ದುರಸ್ತಿ ಮಾಡುವವರಿದ್ದಾರೆ. ಅವರ ಮುಂದಿರುವ ಪ್ರಶ್ನೆಯೂ ತಗಡಿನ ಮಾಡಿನ ಒಳಗೆ ಏನನ್ನು ತುಂಬಬೇಕೆಂಬುದೇ. ಮಲಗಿದ ಮನುಷ್ಯನೊಬ್ಬ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಉಸಿರು ಬೆವರುಗಳಲ್ಲಿ ಬಿಡುತ್ತಾನೆ. ಇಬ್ಬರು ಎಂಟು ಗಂಟೆ ಮಲಗಿದರೆ ಅರ್ಧ ಲೀಟರಿಗೂ ಹೆಚ್ಚು! ಸಣ್ಣ ಪೆಟ್ಟಿಗೆಯಂತಹ ಗಾಡಿಯಲ್ಲಿ ಅದು ಎಲ್ಲಿಗೆ ಹೋದೀತು? ಸಡಿಲವಾದ ಉಣ್ಣೆ ತುಂಬಿದ್ದರೆ ಅದನ್ನು ದಾಟಿ ತಗಡನ್ನು ಸೇರಿ, ಹನಿಯಾಗಿ, ತುಕ್ಕು ಹಿಡಿಸುತ್ತದೆ. ಆದುದರಿಂದ ಅಲ್ಲಿ ನೀರನ್ನು ಕುಡಿಯದ, ಗೂಡುಗಳು ಮುಚ್ಚಿದ ನೊರೆಹಲಗೆಯನ್ನು ಸಂದಿಯಿಲ್ಲದಂತೆ ತಗಡಿಗೇ ಅಂಟಿಸುವುದು ಮೇಲು. ಆವಿಯುಳ್ಳ ಗಾಳಿ ತಗಡನ್ನು ಮುಟ್ಟದಿದ್ದರೆ ಇಬ್ಬನಿಯಿಲ್ಲ. ಗಾಡಿಯಲ್ಲಿ ಎತ್ತರಕ್ಕೆ ಜಾಗವಿಲ್ಲವಾಗಿ ಬೇರೆ ದಾರಿಯೂ ಕಡಮೆ.

ನಮ್ಮ ಮನೆಗಳಿಗೆ ಎತ್ತರವುಂಟು, ಗಾಳಿಯುಂಟು. ಆದ್ದರಿಂದ ನಮಗೆ ಇನ್ನೊಂದು ದಾರಿ ತೆರೆದಿದೆ: ತಗಡಿಗೂ ಹೊದಿಕೆಗೂ ನಡುವೆ ಒಂದೆರಡಂಗುಲ ಬಿಟ್ಟು, ಸೂರಿನಲ್ಲಿ ಗಾಳಿ ಒಳಹೊಕ್ಕು ನೆತ್ತಿಯಲ್ಲಿ ಹೊರಹೋಗುವಂತೆ ಮಾಡುವುದು. ಎರಡು ಬಾಯಿಗಳಿಗೂ ಸಣ್ಣ ಕಣ್ಣಿನ ಜಾಲರಿ ಬಿಗಿದರೆ ಇಲಿ, ಬಾವಲಿ ಒಳಬಾರವು. ಆ ಸಂದಿನಲ್ಲಿ ನೀರಿಳಿಯದ ಹಾಳೆಯೊಂದನ್ನು ಇಳಿಜಾರಾಗಿ ಕಟ್ಟಿದರೆ ತೊಟ್ಟಿಕ್ಕಿದ ಇಬ್ಬನಿಯೂ, ತಿರುಪಿನ ಬಳಿ ಜಿನುಗಿದ ಮಳೆಯೂ ಸೂರಿನಾಚೆಗೆ ಹರಿದುಹೋಗುತ್ತವೆ.

ಇನ್ನು ಪದಾರ್ಥಗಳ ಗುಣದೋಷಗಳು. ಥರ್ಮಾಕೋಲು ಅಗ್ಗ, ಹಗುರ; ಆದರೆ ಇರುವೆ, ಇಲಿಗಳಿಗೆ ಅದು ಸಿದ್ಧವಾದ ಮನೆ; ಬೆಂಕಿ ತಗುಲಿದರೆ ಕರಗಿ ಕಪ್ಪು ಹೊಗೆಯೊಡನೆ ಉರಿಯುತ್ತದೆ. ಪಾಲಿಯುರೆಥೇನೂ ಉರಿಯುವಂತಹುದೇ. ಸೌದೆಯ ಒಲೆಯಿರುವ ಅಡಿಗೆಮನೆಗೂ ಬಚ್ಚಲಿಗೂ ಇವೆರಡೂ ಸಲ್ಲವು. ಗಾಜಿನ ಉಣ್ಣೆ, ಕಲ್ಲಿನ ಉಣ್ಣೆ ಬೆಂಕಿಗೆ ಅಂಜವು, ಮಳೆಯ ಸದ್ದನ್ನೂ ಚೆನ್ನಾಗಿ ಅಡಗಿಸುತ್ತವೆ. ಆದರೆ ನೀರಿಗೆ ಅಂಜುತ್ತವೆ. ಹಾಸುವಾಗ ಮೂಗಿಗೆ ಬಟ್ಟೆ, ಕೈಗೆ ಗವುಸು ಬೇಕು. ಮಿರುಗುವ ಅಲ್ಯೂಮಿನಿಯಂ ಹಾಳೆ ವಿಕಿರಣವನ್ನು ತಡೆಯುತ್ತದೆ. ಆದರೆ ಅದರ ಮಿರುಗುವ ಮುಖದೆದುರು ಗಾಳಿಯ ಸಂದಿರಬೇಕು. ಮೇಲ್ಮುಖವಾಗಿದ್ದರೆ ಧೂಳು ಕೂತು ಮಂಕಾಗುತ್ತದೆ. ಕೆಳಮುಖವಾಗಿದ್ದರೆ ಬಹುಕಾಲ ಬಾಳುತ್ತದೆ. ಮರದ ಮುಚ್ಚಿಗೆಯನ್ನು ಹಳೆಯದೆಂದು ಕಿತ್ತೊಗೆಯಬಾರದು. ಅಂಕಿಯಲ್ಲಿ ಹಿಂದಿದ್ದರೂ ಸದ್ದಿಗೂ ತೇವಕ್ಕೂ ಅದು ಒಳ್ಳೆಯ ನೆರೆಯವನು.

ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆ. ಹಳೆಯ ಕೊಟ್ಟಿಗೆಗಳ ಮೇಲಿರುವ ಬೂದುಬಣ್ಣದ ಸಿಮೆಂಟು ಶೀಟುಗಳಲ್ಲಿ ಅನೇಕವು ಕಲ್ನಾರಿನವು. ಅದರ ಎಳೆಗಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದರೆ ಹತ್ತಾರು ವರ್ಷಗಳ ಮೇಲೂ ಕ್ಯಾನ್ಸರನ್ನು ತರಬಲ್ಲವು. ಅಂತಹ ಶೀಟನ್ನು ಕೊರೆಯಬಾರದು, ಗರಗಸ ಹಾಕಬಾರದು, ಒಡೆಯಬಾರದು. ಇಳಿಸಲೇಬೇಕಾದರೆ ತಿಳಿದವರಿಂದ, ನೀರಿನಿಂದ ತೋಯಿಸಿ, ಇಡಿಯಾಗಿಯೇ ಇಳಿಸಬೇಕು.

ಕೊನೆಯದಾಗಿ ಕ್ರಮವನ್ನು ಹೇಳುತ್ತೇನೆ. ಮೊದಲು ಸೋರುವುದನ್ನು ನಿಲ್ಲಿಸಬೇಕು. ತಿರುಪಿನ ರಬ್ಬರು ಬಿಲ್ಲೆಗಳು ಬಿಸಿಲಿಗೆ ಒಣಗಿ ಬಿರಿಯುತ್ತವೆ, ಅವನ್ನು ಬದಲಿಸಬೇಕು. ಎರಡನೆಯದಾಗಿ ಶೀಟಿಗೆ ಬಿಳಿಯ ಅಥವಾ ತಿಳಿಯ ಬಣ್ಣ ಕೊಡಬೇಕು. ಬಿಸಿಲನ್ನು ಒಳಗೆ ತಡೆಯುವುದಕ್ಕಿಂತ ಹೊರಗೇ ಹಿಂದಿರುಗಿಸುವುದು ಅಗ್ಗ. ಮೂರನೆಯದು ಗಾಳಿಯ ಸಂದು. ನಾಲ್ಕನೆಯದಾಗಿ ಪದಾರ್ಥ. ಐದನೆಯದಾಗಿ, ವರ್ಷಕ್ಕೊಮ್ಮೆ ಬಿಚ್ಚಿ ನೋಡಬಲ್ಲ ಒಂದು ಬಾಗಿಲು. ನಾವು ನಾಲ್ಕನೆಯದರಿಂದ ಆರಂಭಿಸಿ ಉಳಿದುದನ್ನೆಲ್ಲ ಮರೆತಿದ್ದೆವು.

ಹಿಂದಿನವರಿಗೆ ಉಷ್ಣವಾಹಕತೆಯ ಅಂಕಿಗಳು ತಿಳಿದಿರಲಿಲ್ಲ. ಆದರೆ ಸೋಗೆಯನ್ನು ಹೊದೆಸುವಾಗಲೇ ನೀರು ಹರಿಯುವ ದಾರಿಯನ್ನೂ, ಹೊಗೆ ಹೋಗುವ ದಾರಿಯನ್ನೂ ಬಿಟ್ಟಿರುತ್ತಿದ್ದರು. ನಮಗೆ ಅಂಕಿಗಳು ತಿಳಿದಿವೆ. ದಾರಿಯನ್ನು ಬಿಡುವುದನ್ನು ಮರೆಯದಿದ್ದರೆ ಸಾಕು. ನಮ್ಮ ಮನೆಯಲ್ಲಿ ಹೊಸ ಹಲಗೆಗಳನ್ನು ಹಾಕಿ, ಸಂದು ಬಿಟ್ಟು, ಉಣ್ಣೆಯನ್ನು ಮತ್ತೆ ಹಾಸಿದ್ದೇವೆ. ಅಜ್ಜಿ ಉಪ್ಪರಿಗೆಯಲ್ಲಿದ್ದಾರೆ. ಜೋರು ಮಳೆಯ ರಾತ್ರಿಯೂ ಅವರು ಕೂಗಿದರೆ ಈಗ ಕೆಳಗೆ ಕೇಳಿಸುತ್ತದೆ.