ಮಾಗಿಯ ಮಂಜು ಮತ್ತು ಗಾಳಿಯ ಧೂಳುಕಣ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಪದರ ಬದುಕಿನಲ್ಲಿ ಮಾಗಿಯ ಇಬ್ಬನಿಗೆ ವಿಶಿಷ್ಟವಾದ ಸ್ಥಾನವಿದೆ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಹೆಚ್ಚೆಂಬುದು ಇಲ್ಲಿನ ರೈತಾಪಿ ಜನರ ನಂಬಿಕೆ. ಮೋಡ ಕವಿದ ರಾತ್ರಿಯಲ್ಲಾಗಲಿ ಗಾಳಿ ಬೀಸುವ ರಾತ್ರಿಯಲ್ಲಾಗಲಿ ಇಬ್ಬನಿ ಕಟ್ಟದೆಂಬುದು ಅವರ ಅನುಭವದ ಮಾತು. ಈ ತಿಳಿವಳಿಕೆಯ ಹಿಂದಿರುವ ಭೌತಿಕ ಕಾರಣಗಳ ಒಂದು ಮುಖ್ಯ ಶೋಧ ಇದೇ ಪರಿಸರದಲ್ಲಿ ನಡೆದಿರುವುದು ಗಮನಾರ್ಹ.

ಹಗಲು ಕಾದ ನೆಲವು ರಾತ್ರಿ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಹೊರಸೂಸಿ ತಣಿಯುತ್ತದೆ. ಮೋಡವಿದ್ದರೆ ಅದು ಆ ಶಾಖವನ್ನು ಹೀರಿ, ಒಂದು ಪಾಲನ್ನು ಮರಳಿ ನೆಲಕ್ಕೆ ಕಳುಹಿಸುತ್ತದೆ. ಹೀಗಾಗಿ ತಿಳಿಯಾದ ರಾತ್ರಿಯಲ್ಲಿ ನೆಲವೇ ಎಲ್ಲಕ್ಕಿಂತ ತಣ್ಣಗಿರಬೇಕೆಂಬುದು ವಿದ್ವಾಂಸರ ಎಣಿಕೆಯಾಗಿತ್ತು. ಆದರೆ 1932ರಲ್ಲಿ ಎಲ್.ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ ಅವರು, ಅತಿ ತಣ್ಣನೆಯ ಗಾಳಿಯ ಪದರವು ನೆಲದಿಂದ ಕೆಲವು ಹತ್ತು ಸೆಂಟಿಮೀಟರುಗಳಷ್ಟು ಮೇಲಿರುವುದನ್ನು ವರದಿ ಮಾಡಿದರು. ಭಾರವಾದ ತಣ್ಣನೆಯ ಗಾಳಿ ಬೆಚ್ಚನೆಯ ಗಾಳಿಯ ಮೇಲೆ ನಿಲ್ಲಲಾರದಾದ್ದರಿಂದ ಅಳತೆಯೇ ತಪ್ಪಿರಬೇಕೆಂದು ಹಲವರು ಸಂಶಯಿಸಿದರು.

ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ಇದಕ್ಕೊಂದು ಸೈದ್ಧಾಂತಿಕ ವಿವರಣೆಯನ್ನಿತ್ತರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ.ಆರ್. ಶ್ರೀನಿವಾಸ್ ಮತ್ತು ಸಂಗಡಿಗರು ಮುಂದೆ ನಡೆಸಿದ ಅಧ್ಯಯನಗಳು ಆ ವಿವರಣೆಯನ್ನು ತಿದ್ದಿ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳತ್ತ ಬೆರಳು ತೋರಿದವು. ಅವರ ಬಯಲಿನ ಹಾಗೂ ಪ್ರಯೋಗಾಲಯದ ಅಳತೆಗಳು 2014ರಲ್ಲಿ ಪ್ರಕಟವಾದವು. ನೆಲದ ಸಮೀಪದಲ್ಲಿ ದಟ್ಟವಾಗಿರುವ ಈ ಕಣಗಳು ಅವಕೆಂಪು ಕಿರಣಗಳನ್ನು ಹೀರುತ್ತವೆ, ಹೊರಸೂಸುತ್ತವೆ ಕೂಡ. ತಣ್ಣನೆಯ ಆಗಸಕ್ಕೆ ಅವು ಕೊಡುವ ಶಾಖ ಹೆಚ್ಚು, ಅಲ್ಲಿಂದ ಪಡೆಯುವುದು ಕಡಿಮೆ. ಹೀಗೆ ಕಣ ತಣಿದಂತೆ ಅದರ ಸುತ್ತಲಿನ ಗಾಳಿಯೂ ತಣಿಯುತ್ತದೆ. ತೇವಾಂಶ ಸಾಕಷ್ಟಿದ್ದಲ್ಲಿ ಮಂಜು ಕವಿಯಲು ಇದು ಅನುಕೂಲವಾಗುತ್ತದೆ.

ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿತು. ಮಾಗಿಯ ಮಂಜು ಮುಂಜಾನೆಯ ವಿಮಾನಗಳನ್ನು ತಡೆಯುವುದರಿಂದ, ಜಕ್ಕೂರಿನ ಸಂಶೋಧಕರು ನಿಲ್ದಾಣದ ಆವರಣದಲ್ಲಿಯೇ ಉಪಕರಣಗಳನ್ನಿರಿಸಿ ಅಧ್ಯಯನ ಕೈಗೊಂಡರು. ಅವರೆಗೆ ಸೊಗಡು ಕೊಡುವುದೆಂದು ಜನರು ನಂಬಿದ ಮಂಜೇ, ಎಲೆಗಳನ್ನು ಹೆಚ್ಚು ಹೊತ್ತು ಒದ್ದೆಯಾಗಿರಿಸಿ ದ್ರಾಕ್ಷಿ ತೋಟಗಳಿಗೆ ಬೂಜು ರೋಗ ತರುವುದೂ ಉಂಟು.

ನಗರ ಬೆಳೆದಂತೆ ಹೊಗೆ, ಮಸಿ ಹಾಗೂ ಕಟ್ಟಡದ ಧೂಳು ಈ ಗಾಳಿಯನ್ನು ಸೇರುತ್ತಿವೆ. ಹೊಲಗಳು ಬಡಾವಣೆಗಳಾಗುತ್ತಿವೆ. ರಾಮದಾಸರ ಅಳತೆಯನ್ನೇ ಲೋಕ ಸಂಶಯಿಸಿತೆಂದ ಮೇಲೆ, ಬರೆದಿಡದ ಜನಪದ ತಿಳಿವಳಿಕೆ ಕಡೆಗಣನೆಗೆ ಒಳಗಾಗುವುದು ಇನ್ನೂ ಸುಲಭ. ಯಾವ ಹೊಲದಲ್ಲಿ ಮಂಜು ಮೊದಲು ಇಳಿಯುತ್ತದೆ, ಯಾವಾಗ ಕರಗುತ್ತದೆ ಎಂಬುದನ್ನು ಬಲ್ಲ ಹಿರಿಯರ ಮಾತುಗಳು ಉಪಕರಣಗಳ ಅಂಕಿಗಳ ಪಕ್ಕದಲ್ಲಿ ದಾಖಲಾಗಬೇಕಾಗಿದೆ. ಆ ಹೊಲಗಳು ಇರುವಾಗಲೇ ಈ ಕಾರ್ಯ ನಡೆಯಬೇಕಾದುದು ಅಗತ್ಯ.