ಸಾವಿರ ಕಾಲಿನ ಲೆಕ್ಕ

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಕೂಡ್ಲಿಗಿಯ ನಮ್ಮ ಮನೆಯ ಅಂಗಳದ ತುಂಬ ಹುಳಗಳು. ಕಂದು ಬಣ್ಣ, ಪೆನ್ಸಿಲಿನಂಥ ಮೈ, ಮುಟ್ಟಿದರೆ ಸುರುಳಿ. ನಮ್ಮ ಹುಡುಗರು ಇದನ್ನು ರೈಲುಹುಳ ಅಂತಾರೆ; ಕರಾವಳಿ, ಮಲೆನಾಡಿನಲ್ಲಿ ಚೋರಟೆ; ಶಾಲೆಯ ಪುಸ್ತಕದಲ್ಲಿ ಸಹಸ್ರಪದಿ. ನಾನು ಎಂದಿನಂತೆ ಹುಳದ ಪುಡಿಯ ಡಬ್ಬಿ ಹಿಡಿದು ಹೊರಬಂದೆ. ಮೊಮ್ಮಗಳು ಅಡ್ಡ ನಿಂತಳು.

“ಅಜ್ಜಾ, ಇದಕ್ಕ ಖರೇನ ಸಾವಿರ ಕಾಲು ಅದಾವೇನು? ಎಣಿಸಿ ಆಮ್ಯಾಲೆ ಹಾಕು.”

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಸುತ್ತಿ ಜೀವಮಾನವೆಲ್ಲ ಎಣಿಸಿದವನು ನಾನು. ಆದರೆ ಇಷ್ಟು ವರ್ಷ ಕೊಂದ ಹುಳದ ಕಾಲನ್ನು ಒಮ್ಮೆಯೂ ಎಣಿಸಿರಲಿಲ್ಲ. ಡಬ್ಬಿ ಕೆಳಗಿಟ್ಟೆ. ಭೂತಗನ್ನಡಿ ತಂದೆವು.

ಮೈಯೆಲ್ಲ ಉಂಗುರ. ಲೆಕ್ಕದ ಸೂತ್ರ ಹೀಗಿದೆ: ತಲೆಯ ಹಿಂದಿನ ಮೊದಲ ಉಂಗುರಕ್ಕೆ ಕಾಲಿಲ್ಲ. ಮುಂದಿನ ಮೂರಕ್ಕೆ ಒಂದೊಂದೇ ಜೊತೆ. ಆಮೇಲಿನವಕ್ಕೆ ಎರಡೆರಡು ಜೊತೆ, ಅಂದರೆ ನಾಲ್ಕು ನಾಲ್ಕು. ಬಾಲದ ತುದಿಗೆ ಮತ್ತೆ ಇಲ್ಲ. 50 ಉಂಗುರದ ಹುಳಕ್ಕೆ ಸುಮಾರು 186 ಕಾಲು. ಸಾವಿರ ಎಲ್ಲಿ ಬಂತು? ಮೊಮ್ಮಗಳ ಮುಖ ಸಪ್ಪಗಾಯಿತು.

ಆದರೆ ಹೆಸರು ಪೂರ್ತಿ ಸುಳ್ಳಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಗಣಿ ಪ್ರದೇಶದಲ್ಲಿ ಕೊರೆದ ಕೊಳವೆಯೊಳಗೆ, 60 ಮೀಟರ್ ಆಳದಲ್ಲಿ ಸಿಕ್ಕ ಒಂದು ಹುಳದ ವಿವರ 2021ರಲ್ಲಿ ಪ್ರಕಟವಾಯಿತು. ಕಣ್ಣಿಲ್ಲದ, ಬಣ್ಣವಿಲ್ಲದ, ದಾರದಂಥ ಹುಳ; ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆ. ಉಂಗುರ 330, ಕಾಲು 1,306. ನಮ್ಮ ಸೂತ್ರ ಹಚ್ಚಿ ನೋಡಿ, ಮಕ್ಕಳೇ. 330ರಲ್ಲಿ ಮೊದಲಿನದು, ಕೊನೆಯದು, ಮೂರು ಒಂಟಿಜೊತೆಯವು ಕಳೆದರೆ 325. ನಾಲ್ಕರಿಂದ ಗುಣಿಸಿದರೆ 1,300. ಆ ಮೂರರ ಆರು ಕಾಲು ಸೇರಿಸಿದರೆ 1,306. ಒಂದು ಕಾಲೂ ಹೆಚ್ಚುಕಡಿಮೆ ಇಲ್ಲ! ಸಂಜೆ ಕ್ಯಾಶ್ ಟ್ಯಾಲಿ ಆದಾಗಿನ ಖುಷಿ ನನಗಾಯಿತು.

ಅಲ್ಲಿಂದ ನನಗೆ ಇವುಗಳ ಮೈಕಟ್ಟಿನ ಹುಚ್ಚು ಹಿಡಿಯಿತು. ನಮ್ಮ ಅಂಗಳದ ದುಂಡನೆಯದು ಬುಲ್ಡೋಜರಿನ ಜಾತಿ: ತಲೆ ತಗ್ಗಿಸಿ, ನೂರಾರು ಕಾಲಿನ ಬಲದಿಂದ ಮಣ್ಣು ನೂಕಿಕೊಂಡು ಹೋಗುತ್ತದೆ. ಬಚ್ಚಲ ನೀರು ಹರಿಯುವಲ್ಲಿ ಕಲ್ಲೆತ್ತಿದರೆ ಚಪ್ಪಟೆ ಬೆನ್ನಿನದು ಸಿಗುತ್ತದೆ. ಅದಕ್ಕೆ ಬರೀ 20ರಷ್ಟು ಉಂಗುರ, ಪ್ರತಿ ಉಂಗುರಕ್ಕೂ ಎರಡು ಬದಿ ಸೂರಿನಂತೆ ಚಾಚಿದ ಅಂಚು. ಅದು ಎಲೆಗಳ ನಡುವೆ ಬೆಣೆಯ ಹಾಗೆ ತೂರುತ್ತದೆ. ಮರದ ತೊಗಟೆಯಡಿ ಇರುವ ಇನ್ನೊಂದು ಜಾತಿ ಎರಡು-ಮೂರು ಮಿಲಿಮೀಟರ್ ಮಾತ್ರ. ಮೈಗೆ ಚಿಪ್ಪಿನ ಬದಲು ಕುಂಚದಂಥ ರೋಮ. ಇರುವೆ ಮೇಲೆ ಬಿದ್ದರೆ ಬಾಲದ ರೋಮಗಳನ್ನು ಉದುರಿಸಿ, ಇರುವೆಯ ಕಾಲು ಮೀಸೆ ಸಿಕ್ಕಿಹಾಕಿಕೊಳ್ಳುವಂತೆ ಮಾಡುತ್ತದೆ.

ಎಲ್ಲಕ್ಕಿಂತ ಚೆಂದ ಪಶ್ಚಿಮಘಟ್ಟದ ಗುಂಡು ಸಹಸ್ರಪದಿ. ಆಗುಂಬೆಯ ಕಡೆ ಹೋದಾಗ ದಾರಿಯಲ್ಲಿ ಗೋಲಿ ಬಿದ್ದಿದೆ ಎಂದು ಹೆಕ್ಕಿದ್ದೆ. ಅಂಗೈಯಲ್ಲಿ ಸ್ವಲ್ಪ ಹೊತ್ತಿಗೆ ಗೋಲಿ ಬಿಚ್ಚಿಕೊಂಡು ನಡೆಯತೊಡಗಿತು! ಬೆನ್ನಮೇಲೆ ಅಗಲವಾದ ಚಿಪ್ಪುಗಳು ಹದಿಮೂರೇ. ಹೆದರಿದರೆ ತಲೆ, ಕಾಲು ಎಲ್ಲ ಒಳಗೆಳೆದು ಗುಂಡಾಗುತ್ತದೆ. ತರಗೆಲೆ ತಿಂದು ಇದು ಹಾಕುವ ಹಿಕ್ಕೆ ಒಳ್ಳೆಯ ಗೊಬ್ಬರವೆಂದು ಮಂಗಳೂರು ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿದ್ದಾರೆ. ಇನ್ನು ಸುಮಾರು 32 ಕೋಟಿ ವರ್ಷಗಳ ಹಿಂದೆ ಇವುಗಳ ನೆಂಟನೊಬ್ಬ ಎರಡೂವರೆ ಮೀಟರ್ ಉದ್ದ ಇದ್ದನಂತೆ. ನಮ್ಮ ಮಂಚದಲ್ಲಿ ಮಲಗಿಸಿದರೂ ಬಾಲ ಹೊರಗೆ!

ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಇವು ಕಾಣುವುದಿಲ್ಲ. ಮೈಯ ತೇವ ಬೇಗ ಆರುವುದರಿಂದ ಮಣ್ಣಿನಾಳ ಸೇರಿ, ಮಳೆ ಬಂದಾಗ ಮೇಲೆ ಬರುತ್ತವೆ.

ಅಜ್ಜ ಅಜ್ಜಿಯರಿಗೊಂದು ಮಾತು. ನಾನು ಇದನ್ನು ಜರಿಯ ತಮ್ಮನೆಂದೇ ತಿಳಿದು ಕೊಲ್ಲುತ್ತಿದ್ದೆ. ಜರಿಗೆ ಉಂಗುರಕ್ಕೆ ಒಂದೇ ಜೊತೆ ಕಾಲು, ಓಡುತ್ತದೆ, ಕಚ್ಚುತ್ತದೆ. ಇದು ಕಚ್ಚುವುದಿಲ್ಲ, ಕೊಳೆತ ಎಲೆ ಇದರ ಊಟ. ಹೆದರಿದರೆ ಪಕ್ಕದಿಂದ ರಸ ಬಿಡುತ್ತದೆ, ಕೈಗೆ ಕಂದು ಕಲೆಯಾಗುತ್ತದೆ. ಕಣ್ಣಿಗೆ ತಾಗಿದರೆ ಉರಿ ಜೋರು. ಮಕ್ಕಳು ಮುಟ್ಟಿದರೆ ಕೈ ತೊಳೆಸಿ.

ಈಗ ನಮ್ಮನೆಯಲ್ಲಿ ಹುಳ ಬಂದರೆ ಮೊರದಲ್ಲಿ ಎತ್ತಿ ಮಲ್ಲಿಗೆ ಬಳ್ಳಿಯ ಬುಡಕ್ಕೆ ಬಿಡುವುದು ಮೊಮ್ಮಗಳ ಕೆಲಸ. ಬಿಡುವ ಮೊದಲು ಎಣಿಕೆ. ಮೊನ್ನೆಯದಕ್ಕೆ ಅವಳ ನೋಟ್‌ಬುಕ್ಕಿನಲ್ಲಿ ಹೀಗಿದೆ: ಉಂಗುರ 49, ಕಾಲು 182. ಕೆಳಗೆ, “ಅಜ್ಜ ಚೆಕ್ ಮಾಡ್ಯಾನ” ಎಂದು ಬರೆದು ನನ್ನ ರುಜು ಹಾಕಿಸಿಕೊಂಡಿದ್ದಾಳೆ.