ಘಳಿಗೆಯ ಲೆಕ್ಕ, ಗಂಟೆಯ ಲೆಕ್ಕ

ಹಳೆಯ ಜಾತಕಗಳಲ್ಲಿ ಹುಟ್ಟಿದ ಹೊತ್ತನ್ನು ಗಂಟೆ, ನಿಮಿಷಗಳಲ್ಲಿ ಬರೆದಿರುವುದು ಅಪರೂಪ. ‘ಸೋಮವಾರ, ಸೂರ್ಯೋದಯಾದಿ ಘಳಿಗೆ 50, ವಿಘಳಿಗೆ 15’ ಎಂಬಂಥ ಬರಹವೇ ಹೆಚ್ಚು. ಇದನ್ನು ಗಡಿಯಾರದ ಲೆಕ್ಕಕ್ಕೆ ತರುವುದು ಕಷ್ಟವೇನಲ್ಲ. ಆದರೆ ಎಡವಿದರೆ ಹುಟ್ಟಿದ ದಿನಾಂಕವೇ ತಪ್ಪಿಹೋಗುತ್ತದೆ.

ಒಂದು ಹಗಲು–ರಾತ್ರಿಗೆ 60 ಘಳಿಗೆ, ಒಂದು ಘಳಿಗೆಗೆ 60 ವಿಘಳಿಗೆ. ಅಂದರೆ ಘಳಿಗೆಗೆ 24 ನಿಮಿಷ, ವಿಘಳಿಗೆಗೆ 24 ಸೆಕೆಂಡು. ಎರಡು ಘಳಿಗೆಗೆ ಒಂದು ಮುಹೂರ್ತ, ಎರಡೂವರೆ ಘಳಿಗೆಗೆ ಒಂದು ಗಂಟೆ, ಏಳೂವರೆ ಘಳಿಗೆಗೆ ಒಂದು ಜಾವ. ವಿಘಳಿಗೆಯ ಆರನೆಯ ಒಂದು ಭಾಗವೇ ‘ಪ್ರಾಣ’. ಒಂದು ಉಸಿರಾಟದ ಹೊತ್ತು, ಸುಮಾರು ನಾಲ್ಕು ಸೆಕೆಂಡು. ದಿನಕ್ಕೆ 21,600 ಪ್ರಾಣಗಳು. ವೃತ್ತದ 360 ಅಂಶಗಳಲ್ಲಿರುವ ಕಲೆಗಳೂ ಅಷ್ಟೇ. ಒಂದು ಪ್ರಾಣದಲ್ಲಿ ಭೂಮಿ ಒಂದು ಕಲೆಯಷ್ಟು ತಿರುಗುತ್ತದೆಂದು ಆರ್ಯಭಟ ಹೇಳಿದ್ದು ಇದೇ ಲೆಕ್ಕದಿಂದ.

ಘಳಿಗೆಯನ್ನು ಅಳೆಯಲು ಘಳಿಗೆ ಬಟ್ಟಲು ಇತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಘಳಿಗೆ.

ಇನ್ನು ಮೇಲಿನ ಜಾತಕ. 50 ಘಳಿಗೆಗೆ 20 ಗಂಟೆ. 15 ವಿಘಳಿಗೆಗೆ 6 ನಿಮಿಷ. ಅಂದು ಬೆಳಿಗ್ಗೆ 6 ಗಂಟೆ 20 ನಿಮಿಷಕ್ಕೆ ಸೂರ್ಯೋದಯವಾಗಿದ್ದರೆ ಮಗು ಹುಟ್ಟಿದ್ದು ನಡುರಾತ್ರಿ ಕಳೆದು 2 ಗಂಟೆ 26 ನಿಮಿಷಕ್ಕೆ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಆಗಲೇ ಮಂಗಳವಾರ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಆದ್ದರಿಂದ ಅಲ್ಲಿ ಇನ್ನೂ ಸೋಮವಾರ. ಕೆಲವರ ಜಾತಕಕ್ಕೂ ಜನನ ದಾಖಲೆಗೂ ಒಂದು ದಿನದ ವ್ಯತ್ಯಾಸ ಕಾಣುವುದಕ್ಕೆ ಇದೂ ಒಂದು ಕಾರಣ. ಅಂಥ ಕಡೆ ಎರಡೂ ಸರಿಯೇ.

ಸೂರ್ಯೋದಯವೂ ಊರಿಂದೂರಿಗೆ ಬೇರೆ. 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನ 82½ ಅಂಶ ಪೂರ್ವ ರೇಖಾಂಶವನ್ನು ಆಧರಿಸಿದೆ. ಒಂದು ಅಂಶಕ್ಕೆ 10 ವಿಘಳಿಗೆ, ಅಂದರೆ 4 ನಿಮಿಷ. ಸುಮಾರು 5 ಅಂಶ ಪಶ್ಚಿಮಕ್ಕಿರುವ ಬೆಂಗಳೂರಿನ ಸ್ಥಳೀಯ ಹೊತ್ತು ಗಡಿಯಾರಕ್ಕಿಂತ 20 ನಿಮಿಷ ಹಿಂದಿದ್ದರೆ, ಮಂಗಳೂರಿನದು ಸುಮಾರು 30 ನಿಮಿಷ ಹಿಂದೆ. ಎಲ್ಲ ಊರಿಗೂ ‘ಬೆಳಿಗ್ಗೆ ಆರು’ ಎಂದು ಹಿಡಿದರೆ ಒಂದು ಘಳಿಗೆಗಿಂತ ಹೆಚ್ಚು ತಪ್ಪಬಹುದು.

ಆದ್ದರಿಂದ ಮೊದಲು ಹುಟ್ಟಿದ ಊರಿನ ಅಂದಿನ ಸೂರ್ಯೋದಯವನ್ನು ಕಂಡುಕೊಳ್ಳಬೇಕು. ಅದಕ್ಕೆ ಘಳಿಗೆಯ ಹೊತ್ತನ್ನು ಕೂಡಿಸಬೇಕು. ಮೊತ್ತ 24 ಗಂಟೆ ದಾಟಿದರೆ ದಿನಾಂಕವನ್ನು ಒಂದು ಮುಂದಕ್ಕೆ ಹಾಕಬೇಕು. ವಾರವನ್ನು ಮಾತ್ರ ಪಂಚಾಂಗದಲ್ಲಿದ್ದಂತೆಯೇ ಓದಿಕೊಳ್ಳಬೇಕು.